ಮಾರಿಷಸ್

ಹಿಂದೂ ಮಹಾಸಾಗರದ ನೈಋತ್ಯ ಭಾಗದಲ್ಲಿ, ಮಡಗಾಸ್ಕರಿನಿಂದ ಪೂರ್ವಕ್ಕೆ ಸುಮಾರು 800 ಕಿಮೀ ದೂರದಲ್ಲಿರುವ ದ್ವೀಪರಾಷ್ಟ್ರ. ಮುಖ್ಯ ದ್ವೀಪದ ವಿಸ್ತೀರ್ಣ ಸುಮಾರು 1,865 ಚಕಿಮೀ. ಪೂರ್ವಕ್ಕಿರುವ ರಾಡ್ರಿಗಸ್, ಉತ್ತರಕ್ಕಿರುವ ಅಗಲೇಗಾ ಮತ್ತು ಸೇಂಟ್ ಬ್ರಾಂಡನ್ ದ್ವೀಪಗಳನ್ನು ಸೇರಿಸಿದರೆ 2,040 ಚಕಿಮೀ ಆಗುತ್ತದೆ. ಜನಸಂಖ್ಯೆ ಸುಮಾರು ಹನ್ನೆರಡೂವರೆ ಲಕ್ಷ. ರಾಜಧಾನಿ ವಾಯವ್ಯ ತೀರದ ಪೋರ್ಟ್ ಲೂಯಿ. ನಾಣ್ಯ ಮಾರಿಷಸ್ ರೂಪಾಯಿ. 1968ರ ಮಾರ್ಚ್ 12ರಂದು ಸ್ವತಂತ್ರವಾಯಿತು, 1992ರಲ್ಲಿ ಅದೇ ದಿನ ಗಣರಾಜ್ಯವಾಯಿತು.

ಈ ದ್ವೀಪಕ್ಕೆ ಮೂಲನಿವಾಸಿಗಳಿಲ್ಲ. ಯುರೋಪಿಯನ್ನರು ನೆಲೆಯೂರುವ ತನಕ ಇಲ್ಲಿ ಮನುಷ್ಯವಾಸವೇ ಇರಲಿಲ್ಲ. ಒಡೆಯ, ಗುಲಾಮ, ಕೂಲಿ, ವರ್ತಕ, ಕಡೆಗೆ ಕಬ್ಬು ಮತ್ತು ಜಿಂಕೆ ಸಹ ಹಡಗಿನಲ್ಲಿ ಬಂದವು. ಹಾಗಾಗಿ ಇಲ್ಲಿನ ಸಮಾಜವೇ ವಸಾಹತಿನ ಸೃಷ್ಟಿ. ಡಚ್ಚರು, ಫ್ರೆಂಚರು, ಬ್ರಿಟಿಷರು ಒಬ್ಬರ ಬೆನ್ನಿಗೆ ಒಬ್ಬರು ಆಳಿದರು. ಬಾವುಟ ಬದಲಾದಷ್ಟು ಸುಲಭವಾಗಿ ಜಮೀನಿನ ಒಡೆತನ ಬದಲಾಗಲಿಲ್ಲ ಎಂಬುದನ್ನು ಹಿಡಿದು ನಡೆದರೆ ಈ ದೇಶದ ಇತಿಹಾಸದ ಗಂಟುಗಳು ಬಹುಮಟ್ಟಿಗೆ ಬಿಚ್ಚಿಕೊಳ್ಳುತ್ತವೆ.

ನೆಲ ಮತ್ತು ಜೀವಸಂಕುಲ

ಮಾರಿಷಸ್ ಜ್ವಾಲಾಮುಖಿಯಿಂದ ಎದ್ದ ದ್ವೀಪ. ಫ್ರಾನ್ಸಿನ ಆಡಳಿತದಲ್ಲಿರುವ ರಿಯೂನಿಯನ್ ಹಾಗೂ ರಾಡ್ರಿಗಸ್ ಜೊತೆ ಸೇರಿ ಇದು ಮಸ್ಕರೀನ್ ದ್ವೀಪಸ್ತೋಮವಾಗುತ್ತದೆ. ನಡುವೆ ಪ್ರಸ್ಥಭೂಮಿ, ಅದರ ಅಂಚಿಗೆ ಮುರಿದ ಹಲ್ಲಿನಂತೆ ನಿಂತ ಬೆಟ್ಟಗಳು, ಸುತ್ತ ಹವಳದ ದಿಬ್ಬ. ಅತಿ ಎತ್ತರದ ಶಿಖರ ಪಿತೊನ್ ದ ಲಾ ಪೆತೀತ್ ರಿವಿಯೇರ್ ನ್ವಾರ್ 828 ಮೀ ಇದೆ. ಆಗ್ನೇಯ ಮಾರುತ ಮಳೆ ತರುತ್ತದೆ. ಪ್ರಸ್ಥಭೂಮಿ ತೊಯ್ದಿರುವಾಗ ಪಶ್ಚಿಮ ಕರಾವಳಿ ಒಣಗಿರುವುದುಂಟು. ನವೆಂಬರಿನಿಂದ ಏಪ್ರಿಲ್ ತನಕ ಚಂಡಮಾರುತದ ಭಯ. 1892ರ ಚಂಡಮಾರುತ ಪೋರ್ಟ್ ಲೂಯಿಯನ್ನು ಧ್ವಂಸ ಮಾಡಿತು. 1960ರ ‘ಕ್ಯಾರಲ್’ ಸಾವಿರಾರು ಮನೆಗಳನ್ನು ನೆಲಸಮ ಮಾಡಿತು. ದ್ವೀಪದಲ್ಲಿ ಕಾಂಕ್ರೀಟ್ ಮನೆಗಳ ಕಾಲ ಶುರುವಾದದ್ದು ಆಮೇಲೆ.

ಡೋಡೋ ಹಕ್ಕಿಯ ಕಥೆ ಜಗತ್ತಿಗೇ ಗೊತ್ತು. ಹಾರಲಾರದ ಈ ದೊಡ್ಡ ಪಾರಿವಾಳ ಜಾತಿಯ ಹಕ್ಕಿ ಡಚ್ಚರು ಕಾಲಿಟ್ಟ ಶತಮಾನದೊಳಗೇ ಅಳಿಯಿತು. ಬೇಟೆಗಿಂತ ಹೆಚ್ಚಾಗಿ ಹಡಗಿನಿಂದ ಇಳಿದ ಇಲಿ, ಹಂದಿ, ಕೋತಿಗಳು ಅದರ ಮೊಟ್ಟೆಗಳನ್ನು ಮುಗಿಸಿರಬೇಕು ಎಂಬುದು ವಿಜ್ಞಾನಿಗಳ ಅಭಿಪ್ರಾಯ. ಉಳಿದ ಹಕ್ಕಿಗಳ ವಿಷಯದಲ್ಲಿ ದ್ವೀಪ ಪಾಠ ಕಲಿತಿದೆ. 1974ರಲ್ಲಿ ಕಾಡಿನಲ್ಲಿ ನಾಲ್ಕೇ ನಾಲ್ಕು ಎಂದು ಎಣಿಕೆಯಾಗಿದ್ದ ಮಾರಿಷಸ್ ಕೆಸ್ಟ್ರೆಲ್ ಎಂಬ ಸಣ್ಣ ಗಿಡುಗ ಇಂದು ನೂರಾರು ಸಂಖ್ಯೆಯಲ್ಲಿದೆ.

ಡಚ್ಚರ ಕಾಲ

ಅರಬ್ ನಾವಿಕರಿಗೂ ಆಮೇಲೆ ಪೋರ್ಚುಗೀಸರಿಗೂ ದ್ವೀಪ ತಿಳಿದಿತ್ತು, ಆದರೆ ಅವರಾರೂ ನಿಲ್ಲಲಿಲ್ಲ. 1598ರಲ್ಲಿ ಡಚ್ ಹಡಗುಗಳು ಆಗ್ನೇಯ ತೀರದಲ್ಲಿ ಲಂಗರು ಹಾಕಿ, ನಸ್ಸೌದ ರಾಜಕುಮಾರ ಮಾರಿಸನ ಹೆಸರನ್ನು ದ್ವೀಪಕ್ಕಿಟ್ಟವು. 1638ರಲ್ಲಿ ಮೊದಲ ನೆಲೆ ಶುರುವಾಯಿತು. ಎಬನಿ ಮರ ಕಡಿದು ಸಾಗಿಸುವುದು ಮುಖ್ಯ ಕಸುಬು. ಮಡಗಾಸ್ಕರಿನಿಂದ ಗುಲಾಮರನ್ನು, ಜಾವಾದಿಂದ ಕಬ್ಬು ಮತ್ತು ಜಿಂಕೆಯನ್ನು ತಂದರು. ಇಲಿಕಾಟ, ಚಂಡಮಾರುತ, ಬರ, ಓಡಿಹೋದ ಗುಲಾಮರ ದಾಳಿ ಇವುಗಳ ನಡುವೆ ನೆಲೆ ಬೇರೂರಲಿಲ್ಲ. 1658ರಲ್ಲಿ ಬಿಟ್ಟುಹೋಗಿ, 1664ರಲ್ಲಿ ಮರಳಿ, 1710ರಲ್ಲಿ ಶಾಶ್ವತವಾಗಿ ಕೈತೊಳೆದುಕೊಂಡರು. ಉಳಿದದ್ದು ಹೆಸರು, ಕಬ್ಬು, ಬೋಳಾದ ಕಾಡು.

ಐಲ್ ದ ಫ್ರಾನ್ಸ್

1715ರಲ್ಲಿ ಫ್ರೆಂಚರು ದ್ವೀಪವನ್ನು ವಶಪಡಿಸಿಕೊಂಡು ‘ಐಲ್ ದ ಫ್ರಾನ್ಸ್’ ಎಂದು ಕರೆದರು. 1721ರಿಂದ ಫ್ರೆಂಚ್ ಈಸ್ಟ್ ಇಂಡಿಯಾ ಕಂಪನಿಯ ವಸತಿ ಆರಂಭವಾಯಿತು. ದ್ವೀಪಕ್ಕೆ ಆಕಾರ ಕೊಟ್ಟವನು 1735ರಲ್ಲಿ ಗವರ್ನರಾಗಿ ಬಂದ ಮಾಹೆ ದ ಲಾ ಬೂರ್ದೊನೆ. ಪೋರ್ಟ್ ಲೂಯಿಯನ್ನು ಹಡಗುಕಟ್ಟೆ, ಉಗ್ರಾಣ, ಆಸ್ಪತ್ರೆಗಳಿರುವ ನೌಕಾನೆಲೆಯಾಗಿ ಕಟ್ಟಿದ. ಸಕ್ಕರೆ ಆಲೆಗೆ ಬಂಡವಾಳ ಹೂಡಿದ. ಪಾಂಡಿಚೇರಿಯಿಂದ ಕಲ್ಲುಕುಟಿಕರನ್ನೂ ಬಡಗಿಗಳನ್ನೂ ಕರೆಸಿದ. 1746ರಲ್ಲಿ ಇಲ್ಲಿಂದಲೇ ಹಡಗುಪಡೆ ಸಜ್ಜು ಮಾಡಿಕೊಂಡು ಹೋಗಿ ಇಂಗ್ಲಿಷರ ಮದರಾಸನ್ನು ಹಿಡಿದ. ಭಾರತದ ಸಮುದ್ರದಲ್ಲಿ ಫ್ರೆಂಚರಿಗೆ ಈ ದ್ವೀಪ ಏಕೆ ಬೇಕಾಗಿತ್ತು ಎಂಬುದಕ್ಕೆ ಇಷ್ಟು ಸಾಕು.

1767ರಲ್ಲಿ ಕಂಪನಿಯ ಕೈಯಿಂದ ಆಡಳಿತ ರಾಜನಿಗೆ ಬಂತು. ಆಗ ಅಧಿಕಾರಿಯಾಗಿ ಬಂದ ಪಿಯೇರ್ ಪ್ವಾವ್ರ್ ಸಸ್ಯಪ್ರಿಯ. ಡಚ್ಚರು ಕಾವಲು ಹಾಕಿ ಕಾಪಾಡಿಕೊಂಡಿದ್ದ ಜಾಯಿಕಾಯಿ ಮತ್ತು ಲವಂಗದ ಸಸಿಗಳನ್ನು ಮಲಕ್ಕಸ್ ದ್ವೀಪಗಳಿಂದ ಕದ್ದು ತರಿಸಿ ಪಾಂಪ್ಲೆಮೂಸ್ ತೋಟದಲ್ಲಿ ನೆಡಿಸಿದ. ಆ ಸಸ್ಯೋದ್ಯಾನ ಈಗಲೂ ಇದೆ.

ಈ ಎಲ್ಲದರ ತಳಹದಿ ಗುಲಾಮರ ದುಡಿಮೆ. ಮೊಜಾಂಬಿಕ್, ಮಡಗಾಸ್ಕರ್, ಸ್ವಲ್ಪ ಮಟ್ಟಿಗೆ ಭಾರತದಿಂದಲೂ ಜನರನ್ನು ಕೊಂಡು ತಂದರು. ಹದಿನೆಂಟನೆಯ ಶತಮಾನದ ಕೊನೆಗೆ ದ್ವೀಪದ ಹತ್ತು ಜನರಲ್ಲಿ ಎಂಟು ಜನ ಗುಲಾಮರಾಗಿದ್ದರು. 1723ರ ರಾಜಶಾಸನ ಗುಲಾಮನನ್ನು ಚರಾಸ್ತಿ ಎಂದು ಎಣಿಸಿತು. ಓಡಿಹೋದವನಿಗೆ ಕಿವಿ ಕತ್ತರಿಸುವ, ಮೂರನೆಯ ಸಲಕ್ಕೆ ಮರಣದಂಡನೆಯ ಶಿಕ್ಷೆ. ಆದರೂ ಜನ ಓಡಿಹೋಗುತ್ತಲೇ ಇದ್ದರು. ನೈಋತ್ಯ ತುದಿಯ ಲ ಮೋರ್ನ್ ಬೆಟ್ಟ ಅವರ ಅಡಗುತಾಣವಾಗಿತ್ತು. ಅದು 2008ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿತು. ಆಫ್ರಿಕದ ಭಾಷೆಗಳು ಮತ್ತು ಒಡೆಯರ ಫ್ರೆಂಚ್ ಬೆರೆತು ಹುಟ್ಟಿದ ಕ್ರಿಯೋಲ್ ಇಂದು ದ್ವೀಪದ ಎಲ್ಲರ ಮಾತು.

ಮೈಸೂರಿನ ನಂಟು

ಕನ್ನಡ ನಾಡಿನ ಇತಿಹಾಸದಲ್ಲಿ ಈ ದ್ವೀಪ ಒಂದು ನಿರ್ಣಾಯಕ ಗಳಿಗೆಯಲ್ಲಿ ಕಾಣಿಸಿಕೊಳ್ಳುತ್ತದೆ. ಹೈದರಾಲಿಗೆ 1782ರಲ್ಲಿ ನೆರವಾಗಲು ಬಂದ ಫ್ರೆಂಚ್ ದಳಪತಿ ಸುಫ್ರೆನನ ನೌಕಾಪಡೆ ಇಲ್ಲಿಂದ ಹೊರಟದ್ದು. ಟಿಪ್ಪುವಿನ ವಿಷಯ ಇನ್ನೂ ವಿಚಿತ್ರ. 1797ರಲ್ಲಿ ರಿಪೋ ಎಂಬ ಫ್ರೆಂಚ್ ನಾವಿಕ ಕೆಟ್ಟ ಹಡಗಿನೊಂದಿಗೆ ಮಂಗಳೂರಿಗೆ ಬಂದು ಸೇರಿದ. ಐಲ್ ದ ಫ್ರಾನ್ಸಿನಲ್ಲಿ ಸುಲ್ತಾನನ ನೆರವಿಗೆ ದೊಡ್ಡ ಸೈನ್ಯವೇ ಕಾದಿದೆ ಎಂದು ಹೇಳಿದ. ಅದನ್ನು ನಂಬಿ ಟಿಪ್ಪು ಕಳಿಸಿದ ರಾಯಭಾರಿಗಳು 1798ರ ಜನವರಿಯಲ್ಲಿ ಪೋರ್ಟ್ ಲೂಯಿ ತಲುಪಿದರು.

ಅಲ್ಲಿ ಸೈನ್ಯ ಇರಲಿಲ್ಲ. ಗವರ್ನರ್ ಮಲಾರ್ತಿಕ್ ಗುಟ್ಟಾಗಿ ನಡೆಸಬೇಕಾಗಿದ್ದ ಮಾತುಕತೆಯನ್ನು ಜನವರಿ 30ರಂದು ಬಹಿರಂಗ ಘೋಷಣೆಯಾಗಿ ಹೊರಡಿಸಿದ: ಇಂಗ್ಲಿಷರನ್ನು ಭಾರತದಿಂದ ಓಡಿಸಲು ಟಿಪ್ಪು ಫ್ರಾನ್ಸಿನ ಜೊತೆ ಮೈತ್ರಿ ಬಯಸಿದ್ದಾನೆ, ಸ್ವಯಂಸೇವಕರು ಬನ್ನಿ. ಬಂದವರು ನೂರರ ಆಸುಪಾಸು. ಅವರು ಏಪ್ರಿಲಿನಲ್ಲಿ ಮಂಗಳೂರಿಗೆ ಬಂದಿಳಿದರು. ಘೋಷಣೆ ಮಾತ್ರ ಕಲ್ಕತ್ತೆಯ ಪತ್ರಿಕೆಗಳಿಗೆ ತಲುಪಿ, ಹೊಸದಾಗಿ ಬಂದಿದ್ದ ಗವರ್ನರ್ ಜನರಲ್ ವೆಲ್ಲೆಸ್ಲಿಗೆ ಬೇಕಾಗಿದ್ದ ನೆಪ ಒದಗಿಸಿತು. ಮರುವರ್ಷ ಮೇ 4ರಂದು ಶ್ರೀರಂಗಪಟ್ಟಣ ಬಿತ್ತು. ಆ ಘೋಷಣೆ ಇಲ್ಲದಿದ್ದರೆ ವೆಲ್ಲೆಸ್ಲಿ ಮತ್ತೊಂದು ಕಾರಣ ಹುಡುಕುತ್ತಿದ್ದ ಎನ್ನಬಹುದು, ಆದರೆ ಇಷ್ಟು ಅಗ್ಗದ ಕಾರಣ ಸಿಗುತ್ತಿರಲಿಲ್ಲ.

ಇದರ ಹಿನ್ನೆಲೆಯಲ್ಲಿ ಇನ್ನೊಂದು ಸಂಗತಿಯಿದೆ. ಪ್ಯಾರಿಸಿನ ಕ್ರಾಂತಿ ಸರ್ಕಾರ 1794ರಲ್ಲಿ ಗುಲಾಮಗಿರಿಯನ್ನು ರದ್ದು ಮಾಡಿತ್ತು. ಆ ಆಜ್ಞೆ ಜಾರಿಗೆ ತರಲು 1796ರಲ್ಲಿ ಬಂದ ಇಬ್ಬರು ಪ್ರತಿನಿಧಿಗಳನ್ನು ದ್ವೀಪದ ತೋಟದೊಡೆಯರು ಹಡಗು ಹತ್ತಿಸಿ ಓಡಿಸಿದರು. ಟಿಪ್ಪುವಿಗೆ ಗಣರಾಜ್ಯದ ಹೆಸರಿನಲ್ಲಿ ಮಾತು ಕೊಟ್ಟ ವಸಾಹತು ಆ ಗಣರಾಜ್ಯದ ಮಾತನ್ನೇ ಕೇಳುತ್ತಿರಲಿಲ್ಲ.

1810 ಮತ್ತು ಆನಂತರ

ನೆಪೋಲಿಯನ್ ಕಾಲದ ಯುದ್ಧಗಳಲ್ಲಿ ಸುರ್ಕೂಫ್‌ನಂಥ ಕಡಲುಲೂಟಿಗಾರರು ಪೋರ್ಟ್ ಲೂಯಿಯನ್ನು ನೆಲೆ ಮಾಡಿಕೊಂಡು ಇಂಗ್ಲಿಷ್ ವ್ಯಾಪಾರಿ ಹಡಗುಗಳನ್ನು ಕಾಡಿದರು. 1810ರ ಆಗಸ್ಟಿನಲ್ಲಿ ಗ್ರಾಂ ಪೋರ್ಟ್ ಕೊಲ್ಲಿಯಲ್ಲಿ ಬ್ರಿಟಿಷರ ನಾಲ್ಕು ಯುದ್ಧನೌಕೆಗಳು ನಷ್ಟವಾದವು. ಪ್ಯಾರಿಸಿನ ವಿಜಯದ್ವಾರದ ಮೇಲೆ ಕೆತ್ತಿರುವ ನೌಕಾವಿಜಯ ಇದೊಂದೇ. ಗೆಲುವು ನಾಲ್ಕು ತಿಂಗಳೂ ಬಾಳಲಿಲ್ಲ. ನವೆಂಬರ್ ಕೊನೆಗೆ ಭಾರತದಿಂದ ಹೊರಟ ದೊಡ್ಡ ಪಡೆ, ಅದರಲ್ಲಿ ಸಿಪಾಯಿಗಳೂ ಇದ್ದರು, ಉತ್ತರ ತೀರದಲ್ಲಿ ಇಳಿಯಿತು. ಡಿಸೆಂಬರ್ 3ರಂದು ಫ್ರೆಂಚರು ಶರಣಾದರು.

ಶರಣಾಗತಿಯ ಷರತ್ತುಗಳೇ ಮುಂದಿನ ಒಂದೂವರೆ ಶತಮಾನವನ್ನು ಬರೆದವು ಎನ್ನಬೇಕು. ನೆಲೆಸಿಗರು ತಮ್ಮ ಆಸ್ತಿ, ಧರ್ಮ, ಕಾನೂನು, ರೂಢಿ ಎಲ್ಲವನ್ನೂ ಉಳಿಸಿಕೊಳ್ಳಬಹುದು ಎಂದು ಗೆದ್ದವರು ಒಪ್ಪಿದರು. 1814ರ ಪ್ಯಾರಿಸ್ ಒಪ್ಪಂದ ದ್ವೀಪವನ್ನು ಬ್ರಿಟನ್ನಿಗೆ ಖಾಯಂ ಮಾಡಿತು. ಹಳೆಯ ಹೆಸರು ಮರಳಿತು. ಗವರ್ನರ್ ಇಂಗ್ಲಿಷಿನವನು, ತೋಟ ಫ್ರೆಂಚರದು. ನೆಪೋಲಿಯನ್ನಿನ ನಾಗರಿಕ ಸಂಹಿತೆ ಇಂದಿಗೂ ಇಲ್ಲಿನ ಕಾನೂನಿನ ಒಂದು ಬೇರು, ಇಂಗ್ಲಿಷ್ ನ್ಯಾಯಪದ್ಧತಿ ಮತ್ತೊಂದು. ಸಂಸತ್ತಿನ ಭಾಷೆ ಇಂಗ್ಲಿಷ್, ಪತ್ರಿಕೆಯ ಭಾಷೆ ಫ್ರೆಂಚ್.

1825ರಲ್ಲಿ ಮಾರಿಷಸ್ ಸಕ್ಕರೆಯ ಮೇಲಿನ ಸುಂಕವನ್ನು ವೆಸ್ಟ್ ಇಂಡೀಸಿನ ಮಟ್ಟಕ್ಕೆ ಇಳಿಸಿದ ಮೇಲೆ ಕಬ್ಬು ದ್ವೀಪವನ್ನೇ ಆವರಿಸಿತು. ಅದೇ ಹೊತ್ತಿಗೆ ಗುಲಾಮಗಿರಿಯ ಅಂತ್ಯವೂ ಹತ್ತಿರವಾಗಿತ್ತು. 1835ರ ಫೆಬ್ರವರಿ 1ರಂದು ಅರವತ್ತು ಸಾವಿರಕ್ಕೂ ಹೆಚ್ಚು ಜನ ಕಾನೂನಿನ ಕಣ್ಣಿಗೆ ಗುಲಾಮರಾಗಿ ಉಳಿಯಲಿಲ್ಲ, ಆದರೆ ‘ತರಬೇತಿ’ಯ ಹೆಸರಲ್ಲಿ 1839ರ ತನಕ ಅದೇ ಒಡೆಯರ ಬಳಿ ದುಡಿಯಬೇಕಾಯಿತು. ಇಪ್ಪತ್ತು ಲಕ್ಷ ಪೌಂಡಿಗೂ ಮಿಕ್ಕಿದ ಪರಿಹಾರ ಒಡೆಯರಿಗೆ ಸಿಕ್ಕಿತು. ಬಿಡುಗಡೆಯಾದವರಿಗೆ ಕಾಸೂ ಇಲ್ಲ, ತುಂಡು ನೆಲವೂ ಇಲ್ಲ. ಅವರು ತೋಟ ಬಿಟ್ಟು ಕಡಲ ಅಂಚಿಗೂ ಪಟ್ಟಣಕ್ಕೂ ಸರಿದರು. ಅವರ ವಂಶಸ್ಥರಾದ ಕ್ರಿಯೋಲ್ ಸಮುದಾಯದ ಇಂದಿನ ಬಡತನದ ಮೂಲ ಇಲ್ಲಿದೆ.

ಕರಾರು ಕೂಲಿಗಳು

ಖಾಲಿಯಾಗಲಿದ್ದ ಗದ್ದೆಗೆ ಆಳು ಬೇಕಿತ್ತು. 1834ರ ನವೆಂಬರ್ 2ರಂದು ‘ಅಟ್ಲಾಸ್’ ಎಂಬ ಹಡಗು ಕಲ್ಕತ್ತೆಯಿಂದ 36 ಕೂಲಿಗಳನ್ನು ತಂದಿತು. ಬ್ರಿಟಿಷ್ ಸರ್ಕಾರ ಇದನ್ನು ಮಹಾಪ್ರಯೋಗ ಎಂದು ಕರೆಯಿತು. ಗುಲಾಮನ ಬದಲು ಕರಾರಿನ ಕೂಲಿಯನ್ನು ಇಟ್ಟು ಸಕ್ಕರೆ ಬೆಳೆಯಬಹುದೇ ಎಂಬ ಪರೀಕ್ಷೆ ಅದು. ಫಲಿತಾಂಶ ತೋಟದೊಡೆಯರಿಗೆ ತೃಪ್ತಿ ತಂದಿತು. ಟ್ರಿನಿಡಾಡ್, ಗಯಾನಾ, ನಟಾಲ್, ಫಿಜಿಗೆ ಹೋದ ಲಕ್ಷಾಂತರ ಭಾರತೀಯರ ದಾರಿ ಮೊದಲು ಸವೆದದ್ದು ಇಲ್ಲಿ.

ಇಪ್ಪತ್ತನೆಯ ಶತಮಾನದ ಆರಂಭದ ಹೊತ್ತಿಗೆ ಸುಮಾರು ನಾಲ್ಕೂವರೆ ಲಕ್ಷ ಜನ ಬಂದಿದ್ದರು. ಹೆಚ್ಚಿನವರು ಬಿಹಾರ ಮತ್ತು ಪೂರ್ವ ಉತ್ತರಪ್ರದೇಶದ ಭೋಜಪುರಿ ಮಾತಿನವರು. ಮದರಾಸಿನಿಂದ ತಮಿಳರು, ತೆಲುಗರು, ಮುಂಬಯಿಯಿಂದ ಮರಾಠಿಗರು. ತವರಿಗೆ ಮರಳಿದವರು ಮೂರರಲ್ಲಿ ಒಂದು ಪಾಲಿನಷ್ಟು ಮಾತ್ರ. ಪೋರ್ಟ್ ಲೂಯಿ ಬಂದರಿನಲ್ಲಿ 1849ರಲ್ಲಿ ಕಟ್ಟಿದ ಡಿಪೋದಲ್ಲಿ ಅವರನ್ನು ಇಳಿಸಿ, ಎಣಿಸಿ, ತೋಟಗಳಿಗೆ ಹಂಚುತ್ತಿದ್ದರು. ಆಪ್ರವಾಸಿ ಘಾಟ್ ಎಂದು ಈಗ ಹೆಸರಾದ ಆ ಜಾಗ 2006ರಲ್ಲಿ ವಿಶ್ವ ಪರಂಪರೆಯ ತಾಣವಾಯಿತು.

ಆರಂಭದ ಕರಾರು ಐದು ವರ್ಷದ್ದು, ಸಂಬಳ ತಿಂಗಳಿಗೆ ಐದು ರೂಪಾಯಿ ಮತ್ತು ಪಡಿ. ಒಂದು ದಿನ ಕೆಲಸಕ್ಕೆ ತಪ್ಪಿದರೆ ಎರಡು ದಿನದ ಸಂಬಳ ಕಡಿತ. ಕರಾರು ಮುಗಿಸಿದವರಿಗೂ ಬಿಡುವಿರಲಿಲ್ಲ. 1867ರ ಕಾನೂನಿನ ಪ್ರಕಾರ ಹಳೆಯ ಕೂಲಿ ತನ್ನ ಭಾವಚಿತ್ರ ಅಂಟಿಸಿದ ಚೀಟಿ ಹಿಡಿದೇ ತಿರುಗಬೇಕಿತ್ತು. ಇಲ್ಲದಿದ್ದರೆ ಅಲೆಮಾರಿ ಎಂದು ಬಂಧನ. ಆ ಭಾವಚಿತ್ರಗಳು ದಾಖಲೆಗಳೊಂದಿಗೆ ಮೋಕಾದ ಮಹಾತ್ಮ ಗಾಂಧಿ ಸಂಸ್ಥೆಯಲ್ಲಿ ಉಳಿದಿವೆ. ಪೊಲೀಸರ ಅನುಕೂಲಕ್ಕೆ ತೆಗೆದ ಚಿತ್ರಗಳಲ್ಲಿ ಇಂದು ಮೊಮ್ಮಕ್ಕಳ ಮಕ್ಕಳು ತಮ್ಮ ಹಿರಿಯರ ಮುಖ ಹುಡುಕುತ್ತಾರೆ.

1871ರಲ್ಲಿ ಆಡಾಲ್ಫ್ ದ ಪ್ಲೆವಿಟ್ಜ್ ಎಂಬ ಯುರೋಪಿಯನ್ ತೋಟಗಾರ ಕೂಲಿಗಳ ಪರವಾಗಿ ಮನವಿ ಬರೆದು 9,401 ಸಹಿಗಳೊಂದಿಗೆ ಸಲ್ಲಿಸಿದ. ಬಿಳಿಯರ ಕೋಪಕ್ಕೆ ಗುರಿಯಾದ, ಬೀದಿಯಲ್ಲಿ ಹೊಡೆತ ತಿಂದ. ಆದರೆ ಲಂಡನ್ನಿನಿಂದ ರಾಜ ಆಯೋಗ ಬಂತು, ಅದರ ವರದಿ ದೂರುಗಳನ್ನು ಬಹುಪಾಲು ಎತ್ತಿಹಿಡಿಯಿತು. ಅಷ್ಟರಲ್ಲಿ ಸಕ್ಕರೆಯ ಬೆಲೆ ಕುಸಿಯತೊಡಗಿತ್ತು. ದೊಡ್ಡ ತೋಟದವರು ಅಂಚಿನ ಜಮೀನನ್ನು ತುಂಡು ಮಾಡಿ ಮಾರಿದರು. ಪೈಸೆ ಪೈಸೆ ಕೂಡಿಟ್ಟ ಕೂಲಿಗಳು ಕೊಂಡರು. ಸಾಮ್ರಾಜ್ಯದ ಔದಾರ್ಯಕ್ಕಿಂತ ಈ ಬೆಲೆಕುಸಿತವೇ ಭಾರತೀಯರನ್ನು ರೈತರನ್ನಾಗಿ ಮಾಡಿತು. ಆದರೆ ಒಳ್ಳೆಯ ನೆಲ ಮತ್ತು ಆಲೆಗಳು ಫ್ರೆಂಚ್ ಮೂಲದ ಕೆಲವೇ ಕುಟುಂಬಗಳ ಕೈಯಲ್ಲೇ ಉಳಿದವು.

ಮತದಾನದಿಂದ ಸ್ವಾತಂತ್ರ್ಯಕ್ಕೆ

ದಕ್ಷಿಣ ಆಫ್ರಿಕದಿಂದ ಭಾರತಕ್ಕೆ ಹೊರಟಿದ್ದ ಗಾಂಧೀಜಿ 1901ರಲ್ಲಿ ಕೆಲವು ವಾರ ಇಲ್ಲಿ ತಂಗಿದ್ದರು. ಮಕ್ಕಳನ್ನು ಓದಿಸಿ, ರಾಜಕೀಯದಲ್ಲಿ ಪಾಲ್ಗೊಳ್ಳಿ ಎಂಬುದು ಅವರ ಸಲಹೆ. 1907ರಲ್ಲಿ ಬ್ಯಾರಿಸ್ಟರ್ ಮಣಿಲಾಲ್ ಡಾಕ್ಟರ್ ಬಂದು ಕೂಲಿಗಳ ಮೊಕದ್ದಮೆಗಳನ್ನು ನಡೆಸಿದರು, ಪತ್ರಿಕೆ ತೆಗೆದರು. ಮತದಾನದ ಹಕ್ಕು ಮಾತ್ರ ಆಸ್ತಿಯಿದ್ದ ಕೆಲವು ಸಾವಿರ ಜನಕ್ಕೆ ಸೀಮಿತವಾಗಿತ್ತು.

1936ರಲ್ಲಿ ಕ್ರಿಯೋಲ್ ವೈದ್ಯ ಮೋರಿಸ್ ಕ್ಯೂರೆ ಲೇಬರ್ ಪಕ್ಷ ಕಟ್ಟಿದರು. ಮರುವರ್ಷ ಕಬ್ಬಿನ ತೋಟಗಳಲ್ಲಿ ಮುಷ್ಕರ, ಗೋಲಿಬಾರ್. 1943ರಲ್ಲಿ ಬೆಲ್ ವ್ಯೂ ಅರೆಲ್ ತೋಟದಲ್ಲಿ ಪೊಲೀಸರ ಗುಂಡಿಗೆ ಸತ್ತವರಲ್ಲಿ ಗರ್ಭಿಣಿ ಅಂಜಲೈ ಕೂಪೆನ್ ಒಬ್ಬರು. 1947ರ ಸಂವಿಧಾನ ಯಾವುದಾದರೂ ಭಾಷೆಯಲ್ಲಿ ಸರಳವಾಗಿ ಓದಿ ಬರೆಯಬಲ್ಲವರಿಗೆಲ್ಲ ಮತ ಕೊಟ್ಟಿತು. ಬಾಸುದೇವ ವಿಷ್ಣುದಯಾಳ್ ಮತ್ತು ಸಂಗಡಿಗರು ಹಳ್ಳಿ ಹಳ್ಳಿಯಲ್ಲಿ ಹಿಂದಿ ಅಕ್ಷರ ಕಲಿಸಿದರು. 12 ಸಾವಿರದಷ್ಟಿದ್ದ ಮತದಾರರ ಪಟ್ಟಿ 1948ರಲ್ಲಿ 70 ಸಾವಿರ ದಾಟಿತು. ಅಕ್ಷರಾಭ್ಯಾಸವೇ ಅಧಿಕಾರದ ಹಸ್ತಾಂತರವಾದ ಇಂಥ ಉದಾಹರಣೆ ವಸಾಹತುಗಳ ಚರಿತ್ರೆಯಲ್ಲಿ ಅಪರೂಪ.

1967ರ ಚುನಾವಣೆ ಸ್ವಾತಂತ್ರ್ಯದ ಮೇಲಿನ ಜನಮತವೇ ಆಗಿತ್ತು. ಹಿಂದೂ ಬಹುಸಂಖ್ಯಾತರ ಆಳ್ವಿಕೆಗೆ ಹೆದರಿದ ಕ್ರಿಯೋಲರು, ಫ್ರೆಂಚ್ ಮೂಲದವರು, ಇತರರು ಸೇರಿ ಶೇ. 44ರಷ್ಟು ವಿರುದ್ಧ ಮತ ಹಾಕಿದರು. 1968ರ ಜನವರಿಯಲ್ಲಿ ಪೋರ್ಟ್ ಲೂಯಿಯಲ್ಲಿ ಕ್ರಿಯೋಲರಿಗೂ ಮುಸ್ಲಿಮರಿಗೂ ರಕ್ತಪಾತವಾಗಿ ಬ್ರಿಟಿಷ್ ಸೈನಿಕರನ್ನು ಕರೆಸಬೇಕಾಯಿತು. ಎರಡು ತಿಂಗಳ ಬಳಿಕ, ದಂಡಿ ಯಾತ್ರೆ ಆರಂಭವಾದ ದಿನವನ್ನೇ ಆರಿಸಿಕೊಂಡು, ಶಿವಸಾಗರ ರಾಮಗುಲಾಮರ ನೇತೃತ್ವದಲ್ಲಿ ದೇಶ ಸ್ವತಂತ್ರವಾಯಿತು.

ಇಂದಿನ ಮಾರಿಷಸ್

ಅರ್ಥಶಾಸ್ತ್ರಜ್ಞ ಜೇಮ್ಸ್ ಮೀಡ್ 1961ರ ವರದಿಯಲ್ಲಿ ಈ ದ್ವೀಪಕ್ಕೆ ಭವಿಷ್ಯ ಕಂಡಿರಲಿಲ್ಲ: ಒಂದೇ ಬೆಳೆ, ಏರುವ ಜನಸಂಖ್ಯೆ, ಜಗಳವಾಡುವ ಸಮುದಾಯಗಳು. ಮೂರೂ ನಿಜವಾಗಿದ್ದವು, ಭವಿಷ್ಯವಾಣಿ ಮಾತ್ರ ಸುಳ್ಳಾಯಿತು. ಯುರೋಪ್ 1975ರಿಂದ ಹೆಚ್ಚಿನ ಬೆಲೆಗೆ ಸಕ್ಕರೆ ಕೊಂಡಿತು. ಆ ಲಾಭ ಜವಳಿ ಕಾರ್ಖಾನೆಗಳಿಗೂ ಹೋಟೆಲುಗಳಿಗೂ ಹರಿಯಿತು. ಆಮೇಲೆ ಬಂದದ್ದು ವಿದೇಶಿ ಹಣಕಾಸಿನ ವ್ಯವಹಾರ. ಭಾರತದೊಂದಿಗಿನ 1980ರ ದಶಕದ ತೆರಿಗೆ ಒಪ್ಪಂದದಿಂದಾಗಿ ಭಾರತಕ್ಕೆ ಬರುವ ವಿದೇಶಿ ಬಂಡವಾಳದ ದೊಡ್ಡ ಪಾಲು ಈ ದ್ವೀಪದ ವಿಳಾಸದಿಂದ ಬರತೊಡಗಿತು; 2016ರ ತಿದ್ದುಪಡಿ ಆ ಅನುಕೂಲವನ್ನು ಮೊಟಕುಗೊಳಿಸಿತು. ಉಚಿತ ಶಿಕ್ಷಣ, ಉಚಿತ ಚಿಕಿತ್ಸೆ, ಪಿಂಚಣಿ ಎಲ್ಲರಿಗೂ ಇವೆ. ಸ್ಥಾಯಿ ಸೈನ್ಯವಿಲ್ಲ.

ರಾಜಕೀಯದಲ್ಲಿ ಎರಡು ಕುಟುಂಬಗಳ ಹೆಸರು ಮತ್ತೆ ಮತ್ತೆ ಬರುತ್ತದೆ. ರಾಮಗುಲಾಮ್ ಮತ್ತು ಜಗನ್ನಾಥ್ ಮನೆತನಗಳ ತಂದೆ-ಮಕ್ಕಳನ್ನು ಬಿಟ್ಟರೆ ಪ್ರಧಾನಿಯಾದವರು ಪಾಲ್ ಬೆರಾಂಜೆ ಒಬ್ಬರೇ. ಸಮುದಾಯಗಳಿಗೆ ಪ್ರಾತಿನಿಧ್ಯ ಸರಿದೂಗಿಸಲು ಸೋತವರಲ್ಲಿ ಉತ್ತಮ ಮತ ಗಳಿಸಿದ ಎಂಟು ಜನರ ತನಕ ಸಂಸತ್ತಿಗೆ ಸೇರಿಸುವ ವ್ಯವಸ್ಥೆ ಇದೆ. ಅದಕ್ಕೆ ಆಧಾರ 1972ರ ಜನಗಣತಿ, ಏಕೆಂದರೆ ಆಮೇಲೆ ಸಮುದಾಯವಾರು ಎಣಿಕೆಯನ್ನೇ ನಿಲ್ಲಿಸಿದರು.

ಜನಸಂಖ್ಯೆಯಲ್ಲಿ ಅರ್ಧದಷ್ಟು ಹಿಂದೂಗಳು, ಮೂರನೇ ಒಂದರಷ್ಟು ಕ್ರೈಸ್ತರು, ಉಳಿದವರಲ್ಲಿ ಹೆಚ್ಚಿನವರು ಮುಸ್ಲಿಮರು. ಯುಗಾದಿ, ಗಣೇಶ ಚೌತಿ, ರಂಜಾನ್, ಚೀನೀ ಹೊಸವರ್ಷ, ಕ್ರಿಸ್‌ಮಸ್ ಎಲ್ಲಕ್ಕೂ ಸರ್ಕಾರಿ ರಜೆ. ಗುಲಾಮಗಿರಿ ಕೊನೆಗೊಂಡ ದಿನಕ್ಕೂ ಕೂಲಿಗಳು ಬಂದಿಳಿದ ದಿನಕ್ಕೂ ರಜೆ. ಶಿವರಾತ್ರಿಗೆ ಲಕ್ಷಗಟ್ಟಲೆ ಜನ ಗಂಗಾ ತಲಾವ್ ಎಂಬ ಬೆಟ್ಟದ ಕೆರೆಗೆ ನಡೆದು ಹೋಗುತ್ತಾರೆ. ಗುಲಾಮರ ಸೆಗಾ ಕುಣಿತ ಮತ್ತು ಭೋಜಪುರಿ ಮದುವೆಮನೆಯ ಗೀತ್-ಗವಾಯಿ ಎರಡೂ ಯುನೆಸ್ಕೊ ಪಟ್ಟಿಯಲ್ಲಿವೆ. ಎಲ್ಲವೂ ಸೌಹಾರ್ದ ಎಂದಲ್ಲ. 1998ರಲ್ಲಿ ಹೊಸ ನೋಟುಗಳ ಮೇಲೆ ತಮಿಳಿಗಿಂತ ಮೇಲೆ ಹಿಂದಿ ಅಚ್ಚಾಯಿತೆಂದು ತಮಿಳರು ಪ್ರತಿಭಟಿಸಿ, ನೋಟುಗಳನ್ನೇ ಹಿಂತೆಗೆದುಕೊಳ್ಳಬೇಕಾಯಿತು. ಮರುವರ್ಷ ಜನಪ್ರಿಯ ಗಾಯಕ ಕಾಯಾ ಪೊಲೀಸ್ ವಶದಲ್ಲಿ ಸತ್ತಾಗ ಕ್ರಿಯೋಲರ ಸಿಟ್ಟು ಬೀದಿಗೆ ಬಂತು.

ಚಾಗೋಸ್

ವಸಾಹತಿನ ಲೆಕ್ಕ ಇನ್ನೂ ಮುಗಿಯದಿರುವುದು ಈಶಾನ್ಯದ ಚಾಗೋಸ್ ದ್ವೀಪಗಳಲ್ಲಿ. 1965ರಲ್ಲಿ ಸ್ವಾತಂತ್ರ್ಯದ ಮಾತುಕತೆ ನಡೆದಿರುವಾಗಲೇ ಬ್ರಿಟನ್ 30 ಲಕ್ಷ ಪೌಂಡ್ ಕೊಟ್ಟು ಅವನ್ನು ಮಾರಿಷಸ್‌ನಿಂದ ಕಿತ್ತುಕೊಂಡಿತು. ಅವುಗಳಲ್ಲೊಂದಾದ ಡಿಯಾಗೊ ಗಾರ್ಸಿಯಾವನ್ನು ಅಮೆರಿಕದ ಸೇನಾನೆಲೆಗೆ ಒಪ್ಪಿಸಿತು. ಗುಲಾಮರ ಮತ್ತು ಕೂಲಿಗಳ ವಂಶಸ್ಥರಾದ ಒಂದೂವರೆ ಸಾವಿರಕ್ಕೂ ಹೆಚ್ಚು ನಿವಾಸಿಗಳನ್ನು 1973ರ ಹೊತ್ತಿಗೆ ಪೂರ್ತಿ ಹೊರಹಾಕಿ ಪೋರ್ಟ್ ಲೂಯಿ ಮತ್ತು ಸೇಶೆಲ್ಸ್‌ನಲ್ಲಿ ಇಳಿಸಿತು. ಇದನ್ನು ಸ್ವಾತಂತ್ರ್ಯಕ್ಕೆ ಕೊಟ್ಟ ಬೆಲೆ ಎಂದು ಕೆಲವರು ಸಮಾಧಾನ ಹೇಳುವುದುಂಟು. ಬೆಲೆ ತೆತ್ತವರು ಮಾತ್ರ ಆ ಮಾತುಕತೆಯಲ್ಲಿ ಇರಲಿಲ್ಲ.

2019ರಲ್ಲಿ ಅಂತರರಾಷ್ಟ್ರೀಯ ನ್ಯಾಯಾಲಯ ಈ ಬೇರ್ಪಡಿಕೆ ಕಾನೂನುಬಾಹಿರ ಎಂದು ಅಭಿಪ್ರಾಯ ನೀಡಿತು. ವಿಶ್ವಸಂಸ್ಥೆಯ ಮಹಾಸಭೆ 116–6 ಮತಗಳಿಂದ ಅದನ್ನು ಬೆಂಬಲಿಸಿತು. 2025ರ ಮೇ 22ರಂದು ಎರಡೂ ದೇಶಗಳು ಸಹಿ ಹಾಕಿದ ಒಪ್ಪಂದದ ಪ್ರಕಾರ ಸಾರ್ವಭೌಮತ್ವ ಮಾರಿಷಸ್‌ಗೆ, ಡಿಯಾಗೊ ಗಾರ್ಸಿಯಾ 99 ವರ್ಷ ಬ್ರಿಟನ್ನಿನ ಕೈಯಲ್ಲಿ. ಉಳಿದ ದ್ವೀಪಗಳಲ್ಲಿ ಮರುವಸತಿಗೆ ಒಪ್ಪಂದ ಅವಕಾಶ ಕೊಡುತ್ತದೆ. ಡಿಯಾಗೊ ಗಾರ್ಸಿಯಾದಲ್ಲಿ ಹುಟ್ಟಿದವರಿಗೆ ಅಲ್ಲಿಗೇ ಮರಳಿ ನೆಲೆಸುವ ಹಕ್ಕು ಅದರಲ್ಲಿಲ್ಲ.